ಲೇ ಹೆಡ್‌ಮಾಸ್ತರ್, ಕೇಸಿನ ವಿಷಯ

ಲೇ ಹೆಡ್‌ಮಾಸ್ತರ್,

ಕೇಸು ಎಲ್ಲಿಗೆ ಬಂತು ಅಂತ ಸಿಕ್ಕಾಗಲೆಲ್ಲ ಕೇಳ್ತೀಯ, ನಾನು ಹಾರಿಕೆ ಉತ್ತರ ಕೊಡ್ತೀನಿ. ಇಲ್ಲಿ ನಾಲ್ಕು ಜನರ ಮುಂದೆ ಬರೀತಿದ್ದೀನಿ. ಜನ ಇದ್ದರೆ ನಾನು ಸ್ವಲ್ಪ ಮರ್ಯಾದಸ್ಥ ಅಂತ ನಿಂಗೊತ್ತಲ್ಲ.

ಹಿಂದೂ ವಿವಾಹ ಕಾಯ್ದೆಯ 13ಬಿ, ಇಬ್ಬರೂ ಒಪ್ಪಿ ಹಾಕಿದ ವಿಚ್ಛೇದನದ ಅರ್ಜಿ. ಈಗ ಆರು ತಿಂಗಳು ಕಾಯಬೇಕು, ಮನಸ್ಸು ಬದಲಾದೀತೇನೋ ಅಂತ. ಈ ಗಡುವನ್ನ ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಅರ್ಜಿ ಹಾಕೋ ಹೊತ್ತಿಗೇ ಬೇರೆಯಾಗಿ ಒಂದೂವರೆ ವರ್ಷ ಆಗಿರಬೇಕಂತೆ. ನಮಗಾಗಿರಲಿಲ್ಲ.

ಮಗಳು ಅವಳಮ್ಮನ ಹತ್ತಿರ. ಶನಿವಾರ, ಭಾನುವಾರ ನನ್ನ ಹತ್ತಿರ, ರಜೆ ಅರ್ಧರ್ಧ, ದಿನಾ ಸಂಜೆ ವಿಡಿಯೊ ಕಾಲ್. ಆ ಕಾಲ್ ಹೇಗಿರುತ್ತೆ ಗೊತ್ತಾ? ಫೋನನ್ನ ಯಾವುದಕ್ಕೋ ಒರಗಿಸಿ ಅವಳು ಚಿತ್ರ ಬರೀತಾ ಕೂರ್ತಾಳೆ. ನನಗೆ ಕಾಣೋದು ತಿರುಗೋ ಫ್ಯಾನು, ಆಗಾಗ ಒಂದು ಮೊಣಕೈ. ನಡುನಡುವೆ 'ಅಪ್ಪಾ, ಇದೀಯಾ?' ಅಂತಾಳೆ. 'ಇದೀನಿ' ಅಂತೀನಿ. ಮತ್ತೆ ಫ್ಯಾನು.

'ಐದು ವರ್ಷದೊಳಗಿನ ಮಗುವಾದ್ರೆ ತಾಯಿಗೆ ಅನ್ನೋದು ಸರಿ, ನಿನ್ನ ಮಗಳಿಗೆ ಒಂಬತ್ತು, ಹೋರಾಡು' ಅಂದಿದ್ದೆ ನೀನು. ಹೋರಾಡಬಹುದಿತ್ತು. ತಿಳಿವಳಿಕೆ ಬಂದ ಮಗುವಿನ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು ಅಂತ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಲ್ಲೇ ಇದೆ. ಜಡ್ಜು ಚೇಂಬರಿಗೆ ಕರೆದು ಮಾತಾಡಿಸ್ತಾರೆ. ವಕೀಲರು ಇದನ್ನ ಏನೋ ಒಳ್ಳೇ ಸುದ್ದಿ ಅನ್ನೋ ಥರ ಹೇಳಿದ್ರು. ನನ್ನ ಕೈಕಾಲು ತಣ್ಣಗಾಯ್ತು.

ಮಗುವನ್ನ ಕೋರ್ಟಿಗೆ ಎಳೀಲಿಲ್ಲ, ದೊಡ್ಡ ಮನಸ್ಸು ಅಂತ ಎಲ್ಲರೂ ಹೊಗಳ್ತಾರೆ. ನಾನೂ ತಲೆಯಾಡಿಸ್ತೀನಿ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ ಕಣೋ. ಅವಳು 'ಅಮ್ಮ' ಅಂದುಬಿಟ್ರೆ? ಅದು ಆದೇಶದಲ್ಲಿ ಟೈಪಾಗಿ, ಸೀಲು ಬಿದ್ದು ನನ್ನ ಕೈಗೆ ಬರೋದು ಬೇಡ ಅಂತ ಒಪ್ಪಂದಕ್ಕೆ ಸಹಿ ಹಾಕಿದೆ. ಇಷ್ಟಾದರೆ ಪರವಾಗಿರಲಿಲ್ಲ. 'ಅಪ್ಪ' ಅಂದುಬಿಟ್ರೆ? ಜ್ವರ, ಹೋಂವರ್ಕ್, ವಾರದ ಏಳೂ ದಿನ ನಾನೊಬ್ಬನೇ. ಆ ಭಯ ಮೊದಲನೇದಕ್ಕಿಂತ ದೊಡ್ಡದಿತ್ತೋ ಏನೋ. ಇದನ್ನ ಅವಳಮ್ಮನಿಗೂ ಹೇಳಿಲ್ಲ. ಈಗ ಊರಿಗೇ ಹೇಳಿದ್ದಾಯ್ತು, ನೋಡು!

ಸರಿ ಬಿಡು. ಜಡೆ ಹಾಕೋದು ಕಲೀತಿದ್ದೀನಿ. ಹೊರೆ ಬಿಗಿದ ಹಾಗಿದೆ ಅಂತ ಮಗಳ ತೀರ್ಪು, ಮೇಲ್ಮನವಿಗೆ ಅವಕಾಶವಿಲ್ಲ. ಇದನ್ನೋದಿ ಯಾರಾದರೂ ಅಳೋ ಎಮೋಜಿ ಹಾಕಿದ್ರೆ ದಯವಿಟ್ಟು ಅವರಿಗೆ ನನ್ನ ಮಾನ ಕಳೆಯೋ ಆ ಟಾರ್ಚಿನ ಕಥೆ ಹೇಳು. ಮರುಕ ತಾನಾಗಿ ಇಳಿಯುತ್ತೆ.

ನಿನ್ನ
ಕೊನೇ ಬೆಂಚಿನ ಗಿರಾಕಿ