ಸುವರ್ಣ ತ್ರಿಭುಜ ಬೋಟಿನ ಏಳು ಜನರ ಬಗ್ಗೆ ನಮ್ಮ ಇಬ್ಬರು ಸಂಸದರಿಗೆ ಬಹಿರಂಗ ಪತ್ರ

ಉಡುಪಿ-ಚಿಕ್ಕಮಗಳೂರು ಮತ್ತು ಉತ್ತರ ಕನ್ನಡ ಕ್ಷೇತ್ರಗಳ ಲೋಕಸಭಾ ಸದಸ್ಯರಿಗೆ,

ನಮಸ್ಕಾರ. ಒಂದೇ ಪತ್ರವನ್ನು ಇಬ್ಬರಿಗೂ ಬರೆಯುತ್ತಿದ್ದೇನೆ. ಸುವರ್ಣ ತ್ರಿಭುಜ ಎಂಬ ಮೀನುಗಾರಿಕಾ ಬೋಟು ಹೊರಟದ್ದು ಒಬ್ಬರ ಕ್ಷೇತ್ರದಿಂದ. ಅದರಲ್ಲಿ ಇದ್ದವರಲ್ಲಿ ಜಾಸ್ತಿ ಜನ ಇನ್ನೊಬ್ಬರ ಕ್ಷೇತ್ರದವರು. ಏಳು ಜನ. ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು.

2018ರ ಡಿಸೆಂಬರ್ 13ರ ರಾತ್ರಿ ಸುವರ್ಣ ತ್ರಿಭುಜ ಮಲ್ಪೆಯಿಂದ ಆಳಸಮುದ್ರಕ್ಕೆ ಹೊರಟಿತು. 15ನೇ ತಾರೀಕಿನ ನಂತರ ಅದರ ಜೊತೆ ಯಾರಿಗೂ ಮಾತಾಡಲು ಆಗಲಿಲ್ಲ.

ನಾನು ಮೀನುಗಾರರ ಮನೆಯವಳು. ನನ್ನ ಅಪ್ಪ ತಂಡೇಲರು, ಅಂದರೆ ಬೋಟು ನಡೆಸುವ ಮುಖ್ಯಸ್ಥರು, ಆಗಿದ್ದವರು. ಆಳಸಮುದ್ರಕ್ಕೆ ಹೋದ ಬೋಟು ಹತ್ತು ದಿನ ಬರದಿದ್ದರೆ ನಾವು ಹೆದರುವುದಿಲ್ಲ. ಮೀನು ಸಿಕ್ಕಿರಬೇಕು, ಐಸ್ ಇನ್ನೂ ಮುಗಿದಿರಲಿಕ್ಕಿಲ್ಲ ಅಂದುಕೊಳ್ಳುತ್ತೇವೆ. ಆದರೆ ಜೊತೆಗೆ ಹೋದ ಬೋಟಿನವರು ವೈರ್‌ಲೆಸ್‌ನಲ್ಲಿ ಕರೆದೂ ಕರೆದೂ ಆ ಕಡೆಯಿಂದ ಸ್ವರ ಬಾರದಿದ್ದರೆ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ. ಆ ಡಿಸೆಂಬರ್‌ನಲ್ಲಿ ಬೋಟು ಕಟ್ಟುವ ದಕ್ಕೆಯಲ್ಲಿ ದಿನಕ್ಕೊಂದು ಸುದ್ದಿ. ಕಡಲ್ಗಳ್ಳರು ಹಿಡಿದುಕೊಂಡು ಹೋಗಿದ್ದಾರೆ ಅಂದರು. ಬೇರೆ ದೇಶದ ಜೈಲಿನಲ್ಲಿ ಇರಬಹುದು ಅಂದರು. ಅದನ್ನು ಕೇಳಿ ಸಮಾಧಾನ ಪಟ್ಟವರೂ ಇದ್ದರು. ಜೈಲಿನಲ್ಲಿದ್ದರೆ ಜೀವ ಇದೆ ಅಂತ ತಾನೇ ಅರ್ಥ? ನನ್ನಮ್ಮ ಕಡಲು ಕಾಯುವ ದೈವ ಬೊಬ್ಬರ್ಯನಿಗೆ ಹರಕೆ ಹೊತ್ತರು. ಅವರಿಗೆ ಆ ಏಳು ಜನರಲ್ಲಿ ಒಬ್ಬರ ಮುಖಪರಿಚಯವೂ ಇರಲಿಲ್ಲ.

2019ರ ಜನವರಿ 6ರಂದು ಸಾವಿರಾರು ಮೀನುಗಾರರು ಮಲ್ಪೆಯಿಂದ ಅಂಬಲಪಾಡಿಯವರೆಗೆ ನಡೆದು ಹೋಗಿ ಹೆದ್ದಾರಿ ತಡೆದರು. ದಕ್ಕೆ ಖಾಲಿಯಾಗಿತ್ತು. ಅಷ್ಟು ಜನ ಕೇಳಿದ್ದು ಒಂದೇ ಮಾತು, ನಮ್ಮವರನ್ನು ಹುಡುಕಿ ಕೊಡಿ.

ಮೇ ತಿಂಗಳ ಮೊದಲ ವಾರ ಉತ್ತರ ಬಂತು, ಅರ್ಧ ಮಾತ್ರ. ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗು ಮಹಾರಾಷ್ಟ್ರದ ಮಾಲ್ವಣ್ ತೀರದಿಂದ ಸುಮಾರು 33 ಕಿಲೋಮೀಟರ್ ದೂರದಲ್ಲಿ, 60 ಮೀಟರ್ ಆಳದಲ್ಲಿ ಬೋಟಿನ ಅವಶೇಷ ಪತ್ತೆ ಮಾಡಿತು. ಅದಕ್ಕಾಗಿ ಕಷ್ಟಪಟ್ಟವರಿಗೆ ನಾವು ಋಣಿಗಳು, ಇದನ್ನು ಸುಮ್ನೆ ಬಾಯಿಮಾತಿಗೆ ಹೇಳುತ್ತಿಲ್ಲ. ಆದರೆ ಏಳು ಜನರಲ್ಲಿ ಒಬ್ಬರ ದೇಹವೂ ಸಿಗಲಿಲ್ಲ. ಬೋಟು ಯಾಕೆ ಮುಳುಗಿತು ಎನ್ನುವ ಪ್ರಶ್ನೆ ಹಾಗೇ ಉಳಿಯಿತು.

ಈಗ ನೇರ ವಿಷಯಕ್ಕೆ ಬರುತ್ತೇನೆ. ಬೋಟು ಕಾಣೆಯಾದ ದಿನಗಳಲ್ಲೇ, ಅದೇ ಭಾಗದ ಕಡಲಿನಲ್ಲಿ, ನೌಕಾಪಡೆಯ ಐಎನ್‌ಎಸ್ ಕೊಚ್ಚಿ ಹಡಗಿನ ತಳಕ್ಕೆ ಪೆಟ್ಟಾಗಿತ್ತು ಎಂದು ಪತ್ರಿಕೆಗಳಲ್ಲಿ ಬಂತು. ಎರಡಕ್ಕೂ ಸಂಬಂಧ ಇದೆಯಾ ಎಂದು ಮೀನುಗಾರರು ಅವತ್ತೇ ಕೇಳಿದರು. ನಾನು ಯಾರ ಮೇಲೂ ತಪ್ಪು ಹೊರಿಸುತ್ತಿಲ್ಲ. ಡಿಕ್ಕಿ ಆಗಿಯೇ ಇಲ್ಲ ಎಂದಾದರೆ, ಇಂತಿಂಥ ಕಾರಣಕ್ಕೆ ಆಗಿಲ್ಲ ಎಂದು ಬಿಡಿಸಿ ಹೇಳಲಿ. ಆಗಿದ್ದರೆ, ಆಗಿದೆ ಎಂದು ಹೇಳಲಿ. ರಾತ್ರಿ ಹೊತ್ತು ಕಡಲಿನಲ್ಲಿ ಏನೂ ಆಗಬಹುದು ಎನ್ನುವುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಹಾಗೆ ಹೇಳುವುದು ನೌಕಾಪಡೆಗೆ ಹೊಸತೂ ಅಲ್ಲ. 2024ರ ನವೆಂಬರ್ 21ರಂದು ಗೋವಾದಿಂದ ಸುಮಾರು 70 ನಾಟಿಕಲ್ ಮೈಲು ದೂರದಲ್ಲಿ 'ಮಾರ್ತೋಮಾ' ಎಂಬ ಮೀನುಗಾರಿಕಾ ಬೋಟಿಗೂ ನೌಕಾಪಡೆಯ ಜಲಾಂತರ್ಗಾಮಿಗೂ ಡಿಕ್ಕಿಯಾಯಿತು. 13 ಜನರಲ್ಲಿ 11 ಜನ ಬದುಕಿದರು. ನೌಕಾಪಡೆಯೇ ಮರುದಿನ ಅದನ್ನು ಹೇಳಿತು, ತನಿಖೆ ಮಾಡುತ್ತೇವೆ ಎಂದೂ ಹೇಳಿತು. ಆ ಸುದ್ದಿ ಓದಿದ ದಿನ ನನಗೆ ನಮ್ಮ ಬೋಟಿನದ್ದೇ ನೆನಪು.

ತುಂಬಾ ಹಳೆಯದಾಯಿತು, ಇನ್ನು ಏನು ಸಿಗುತ್ತದೆ ಎಂದು ನಿಮಗೆ ಯಾರಾದರೂ ಹೇಳಬಹುದು. ವಾಯುಪಡೆಯ ಎಎನ್-32 ವಿಮಾನವನ್ನು ನೆನಪಿಸಿಕೊಳ್ಳಿ. 2016ರ ಜುಲೈ 22ರಂದು 29 ಜನರ ಸಮೇತ ಬಂಗಾಳ ಕೊಲ್ಲಿಯಲ್ಲಿ ಕಾಣೆಯಾಯಿತು. ಏಳೂವರೆ ವರ್ಷದ ನಂತರ, 2024ರ ಜನವರಿಯಲ್ಲಿ, ಚೆನ್ನೈನಿಂದ 310 ಕಿಲೋಮೀಟರ್ ದೂರದಲ್ಲಿ ಅದರದ್ದೇ ಇರಬೇಕಾದ ಅವಶೇಷ ಸಿಕ್ಕಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಯಂತ್ರ 3,400 ಮೀಟರ್ ಆಳಕ್ಕೆ ಇಳಿದು ಫೋಟೋ ತೆಗೆದು ತಂದಿತು. ನಮ್ಮ ಬೋಟು ಇರುವುದು 60 ಮೀಟರ್‌ನಲ್ಲಿ. ಜಾಗ ಗೊತ್ತಿದೆ. ಏಟು ಎಲ್ಲಿ ಬಿದ್ದಿದೆ, ಹಲಗೆ ಒಳಗೆ ಮುರಿದಿದೆಯೋ ಹೊರಗೋ, ಮತ್ತೊಮ್ಮೆ ಇಳಿದು ನೋಡಬಹುದು ಅಲ್ವಾ?

2025ರ ಡಿಸೆಂಬರ್‌ಗೆ ಏಳು ವರ್ಷ ತುಂಬಿತು. ಏಳು ವರ್ಷ ಸುಳಿವೇ ಇಲ್ಲದವರನ್ನು ಸತ್ತಿದ್ದಾರೆ ಎಂದು ಭಾವಿಸಲು ಸಾಕ್ಷ್ಯ ಕಾನೂನು ಅವಕಾಶ ಕೊಡುತ್ತದೆ. ಹಳೆಯ ಕಾನೂನಿನಲ್ಲಿ ಅದು 108ನೇ ಸೆಕ್ಷನ್, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 111ನೆಯದು. ಆದರೆ ಯಾವತ್ತು ಸತ್ತರು ಎಂಬುದನ್ನು ಹಾಗೆ ಭಾವಿಸಲು ಬರುವುದಿಲ್ಲ, ಅದನ್ನು ಬೇರೆಯೇ ಸಾಬೀತು ಮಾಡಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಎಲ್‌ಐಸಿಯ ಒಂದು ಪ್ರಕರಣದಲ್ಲಿ ಹೇಳಿದೆ. ಮನೆಯವರಿಗೂ ಬೇಕಾಗಿರುವುದು ಅದೇ ತಾರೀಕು. ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡಬೇಕೋ ಬೇಡವೋ, ಮಾಡಿದರೆ ಯಾವ ತಿಥಿಗೆ? ದೇಹ ಸಿಗದ ಮನೆಯಲ್ಲಿ ಇದು ಪ್ರತಿ ವರ್ಷ ಏಳುವ ಪ್ರಶ್ನೆ. ಪರಿಹಾರದ ದುಡ್ಡಿನಿಂದ ಇದಕ್ಕೆ ಉತ್ತರ ಸಿಗುವುದಿಲ್ಲ.

ಮೊದಲಿನಷ್ಟು ಕತ್ತಲೆ ಈಗ ಕಡಲಿನಲ್ಲಿಲ್ಲ, ನಿಜ. ಬೋಟುಗಳಿಗೆ ಅವು ಇರುವ ಜಾಗ ತಿಳಿಸುವ, ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆ 2024ರ ಆಗಸ್ಟ್‌ನಲ್ಲಿ ಶುರುವಾಯಿತು, ಒಟ್ಟು 1 ಲಕ್ಷ ಬೋಟುಗಳಿಗೆ. ಒಳ್ಳೆಯದೇ ಆಯಿತು. ಆದರೆ ಮುಂದಿನವರಿಗೆ ಯಂತ್ರ ಕೊಟ್ಟ ಮಾತ್ರಕ್ಕೆ ಹಿಂದಿನವರ ಲೆಕ್ಕ ಮುಗಿಯಲಿಲ್ಲ.

ನೀವಿಬ್ಬರೂ ಸೇರಿ ಮುಂದಿನ ಅಧಿವೇಶನದಲ್ಲಿ ರಕ್ಷಣಾ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸದನದಲ್ಲೇ ಬಾಯಿಬಿಟ್ಟು ಉತ್ತರಿಸಬೇಕಾದ ಪ್ರಶ್ನೆ, ಹಾಕಿ. ಐಎನ್‌ಎಸ್ ಕೊಚ್ಚಿಗೆ ಆದ ಪೆಟ್ಟಿನ ಬಗ್ಗೆ ವಿಚಾರಣೆ ನಡೆದಿದ್ದರೆ ಅದರಲ್ಲಿ ಏನಿದೆ? ಆ ರಾತ್ರಿ ಹಡಗು ಎಲ್ಲಿತ್ತು, ಬೋಟು ಸಿಕ್ಕಿದ ಜಾಗ ಎಲ್ಲಿ? ದೇಶದ ಭದ್ರತೆಗೆ ತೊಂದರೆಯಾಗುವ ವಿವರ ಇದ್ದರೆ ತೆಗೆದಿಡಲಿ, ಉಳಿದದ್ದನ್ನು ಕೊಡಲಿ. ಬೋಟಿನ ಹತ್ತಿರ ಮತ್ತೊಮ್ಮೆ ಇಳಿಯುವಾಗ ಮಲ್ಪೆಯ ಒಬ್ಬ ಹಳೆಯ ತಂಡೇಲರನ್ನೂ ಒಬ್ಬ ಬೋಟು ಕಟ್ಟುವ ಆಚಾರಿಯನ್ನೂ ಜೊತೆಗೆ ಕರೆದುಕೊಂಡು ಹೋಗಲಿ. ಮುರಿದ ಹಲಗೆ ನೋಡಿ ಅವರು ಹೇಳುವಷ್ಟು ಬೇರೆಯವರು ಹೇಳಲಾರರು.

ಉತ್ತರ ಬಂದ ದಿನ ಅದನ್ನು ಅಂಚೆಯಲ್ಲಿ ಕಳಿಸಬೇಡಿ. ಏಳು ಮನೆಗೂ ನೀವೇ ಹೋಗಿ, ಕೂತು, ಕನ್ನಡದಲ್ಲಿ ಓದಿ ಹೇಳಿ.

ಇಂತು,
ಮಲ್ಪೆಯ ಒಬ್ಬ ತಂಡೇಲರ ಮಗಳು