ಆಯಿಲ್ ಪಂಪ್ ಬದಲಿಸುವ ಮೊದಲು

ಉಡುಪಿಯಿಂದ ಆಗುಂಬೆ ಘಾಟಿ ಹತ್ತಿ ನಿಲ್ಲಿಸಿದಾಗ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ ಬೀಳುತ್ತಿದೆ ಎನ್ನುವವರು ದಯವಿಟ್ಟು ಗಮನಿಸಿ. ನೇರ ಹೈ-ವಾಲ್ಯೂಮ್ (ಹೆಚ್ಚು ಆಯಿಲ್ ತಳ್ಳುವ) ಪಂಪ್‌ಗೆ ಹೋಗಬೇಡಿ. ಸೆಂಡರ್ (ಆಯಿಲ್ ಪ್ರೆಶರ್ ಸೆನ್ಸರ್) ಬಿಚ್ಚಿ, ಆ ಜಾಗಕ್ಕೆ ಮೆಕ್ಯಾನಿಕಲ್ ಗೇಜ್ ಹಾಕಿ, ಎಂಜಿನ್ ಪೂರ್ತಿ ಬಿಸಿಯಾದಾಗ ನೋಡಿ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ ಎನ್ನುವುದು ಬರೀ ಅಂದಾಜು, ಸರ್ವಿಸ್ ಮ್ಯಾನ್ಯುವಲ್ ಹೇಳಿದ್ದೇ ಅಂತಿಮ. ಬೇರಿಂಗ್ ಸವೆದಿದ್ದರೆ ದೊಡ್ಡ ಪಂಪ್ ಅದನ್ನು ಮುಚ್ಚಿಡುತ್ತದೆ, ಅಷ್ಟೇ. ತಿರುವಿನಲ್ಲಿ ಮಾತ್ರ ಗೇಜ್ ಮುಳ್ಳು ಬಿದ್ದರೆ ಸಾಮಾನ್ಯವಾಗಿ ಪಂಪ್‌ನ ತಪ್ಪಲ್ಲ. ಸಂಪ್‌ನಲ್ಲಿ (ಎಂಜಿನ್ ತಳದ ಆಯಿಲ್ ತೊಟ್ಟಿ) ಆಯಿಲ್ ಒಂದು ಬದಿಗೆ ಸರಿದು ಪಿಕಪ್ (ಆಯಿಲ್ ಹೀರುವ ಕೊಳವೆ) ಗಾಳಿ ಎಳೆಯುತ್ತದೆ. ಮೊದಲು ಆಯಿಲ್ ಮಟ್ಟ ನೋಡಿ, ಆಮೇಲೆ ಬ್ಯಾಫಲ್ (ಆಯಿಲ್ ಸರಿಯದಂತೆ ತಡೆಯುವ ತಗಡು).

ಪಂಪ್ ಹಾಕುವುದೇ ಆದರೆ ಪಿಕಪ್‌ಗೆ ಹೊಸ ಓ-ರಿಂಗ್, ಗೇರ್‌ಗಳಿಗೆ ಅಸೆಂಬ್ಲಿ ಲ್ಯೂಬ್ (ಜೋಡಿಸುವಾಗ ಹಚ್ಚುವ ಲೂಬ್ರಿಕೆಂಟ್) ಕಡ್ಡಾಯ. ಎಂಜಿನ್ ಸ್ಟಾರ್ಟ್ ಆಗದಂತೆ ಫ್ಯೂಯಲ್ ಪಂಪ್ ಫ್ಯೂಸ್ ತೆಗೆದು ಹತ್ತು ಹತ್ತು ಸೆಕೆಂಡ್ ಕ್ರ್ಯಾಂಕ್ ಮಾಡಿ (ಸ್ಟಾರ್ಟರ್‌ನಿಂದ ಎಂಜಿನ್ ತಿರುಗಿಸಿ). ಗೇಜ್ ಏಳದೆ ಸ್ಟಾರ್ಟ್ ಮಾಡಲೇಬೇಡಿ.