ಉಣಕಲ್ಲಿನಿಂದ ಚೆನ್ನಮ್ಮ ಸರ್ಕಲ್‌ವರೆಗೆ

ಪ್ರೀತಿಯ ದೋಸ್ತ,

ನಿನ್ನೆ ರಾತ್ರಿ 'ರೊಮಾನ್ಸಿಂಗ್ ದ ಸ್ಟೋನ್' ನೋಡಿದೆ. 1984ರ ಸಿನಿಮಾ, ರಾಬರ್ಟ್ ಜೆಮೆಕಿಸ್ ನಿರ್ದೇಶನ. ಹೊರಗೆ ನಮ್ಮ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಕೊಲಂಬಿಯಾ ಕಾಡಿನ ಮಳೆ. ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಿದ್ದೆ. ಒಂದು ಕಡೆ ಮಾತ್ರ ನಗು ನಿಂತೇ ಹೋಯಿತು. ಅದಕ್ಕೇ ಈ ಪತ್ರ.

ಜೋನ್ ನ್ಯೂಯಾರ್ಕಿನಲ್ಲಿ ಪ್ರೇಮ ಕಾದಂಬರಿ ಬರೆಯುವವಳು. ಅಪಹರಣವಾದ ಒಡಹುಟ್ಟಿದವಳನ್ನು ಬಿಡಿಸಲು ನಿಧಿಯ ನಕ್ಷೆ ಹಿಡಿದು ಹೊರಡುತ್ತಾಳೆ, ತಪ್ಪು ಬಸ್ ಹತ್ತಿ ಕಾಡಿನ ಪಾಲಾಗುತ್ತಾಳೆ. ಅಲ್ಲಿ ಸಿಗುವ ಜ್ಯಾಕ್, ಫೋನ್ ಇರುವ ಊರಿಗೆ ಮುಟ್ಟಿಸಲು 375 ಡಾಲರ್ ಕೇಳುತ್ತಾನೆ. ಅವಳ ಚಂದದ ಹೀಲ್ಸ್ ಮಚ್ಚಿನಿಂದ ಕತ್ತರಿಸಿ ಹಾಕುತ್ತಾನೆ. ಇಂಥವನನ್ನು ಹೇಗೆ ನಂಬೋದು?

ಆಮೇಲೆ ಪಚ್ಚೆ ಕಲ್ಲು ಸಿಗುತ್ತದೆ. ಜಲಪಾತದಲ್ಲಿ ಕಾರು ಸಮೇತ ಕೆಳಗೆ ಬಿದ್ದವರು ಏಳುವುದು ಹೊಳೆಯ ಎರಡು ದಡದಲ್ಲಿ. ಕಲ್ಲು ಅವನ ಹತ್ತಿರ, ನಕ್ಷೆ ಇವಳ ಹತ್ತಿರ. ಕಾರ್ತಾಹೇನಾದಲ್ಲಿ ಸಿಗುತ್ತೇನೆ ಎಂದು ಅವನು ಆಚೆಯಿಂದ ಕೂಗುತ್ತಾನೆ. ಅವಳ ಮುಖ ನೋಡಬೇಕು ನೀನು. ನಂಬಬೇಕು ಅಂತ ಆಸೆ, ಮೋಸ ಹೋದೆನಾ ಅಂತ ಭಯ.

ಆ ಮುಖ ನನ್ನದೇ ಅನ್ನಿಸಿತು. ನೆನಪಿದೆಯಾ, ಆಗಿನ್ನೂ ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ ಇರಲಿಲ್ಲ, ಕೈಯಲ್ಲಿ ಫೋನೂ ಇರಲಿಲ್ಲ. ಉಣಕಲ್ಲಿನಲ್ಲಿ ನೀರು ಕುಡಿಯಲು ನಾನು ಇಳಿದೆ, ಬಸ್ ಹೊರಟೇಬಿಟ್ಟಿತು. ಬ್ಯಾಗ್ ನಿನ್ನ ತೊಡೆ ಮೇಲೆ. ಒಳಗೆ ನನ್ನ ಫೀಸಿನ 3,000 ರೂಪಾಯಿ. ನೀನು ಕಿಟಕಿಯಿಂದ "ಚೆನ್ನಮ್ಮ ಸರ್ಕಲ್‌ಗೆ ಬಾರಲೇ!" ಅಂತ ಕೂಗಿದೆ.

ಕಿಸೆಯಲ್ಲಿ ನಯಾಪೈಸೆ ಇಲ್ಲದೆ ಅಷ್ಟೂ ದೂರ ನಡೆದೆ. ಆ ವಾರ ನಿನ್ನ ಮೆಸ್ ಬಿಲ್ ಬಾಕಿ ಇತ್ತು, ಅದು ನನಗೆ ಗೊತ್ತಿತ್ತು. ದಾರಿಯುದ್ದಕ್ಕೂ ತಲೆಯಲ್ಲಿ ಅದೇ ಲೆಕ್ಕ. ಇದನ್ನು ಇವತ್ತಿನವರೆಗೂ ನಿನಗೆ ಹೇಳಿಲ್ಲ.

ನೀನು ಸರ್ಕಲ್ ಬಳಿ ಬಿಸಿಲಲ್ಲೇ ಕೂತಿದ್ದೆ. ಬ್ಯಾಗಿನ ಪಟ್ಟಿಯನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಬಿಚ್ಚಿ ಕೊಟ್ಟಾಗ ಅಲ್ಲಿ ಕೆಂಪು ಗೆರೆ ಮೂಡಿತ್ತು. "ಚಾ ಕುಡದಿ ಏನು?" ಎಂದು ಕೇಳಿದೆ. "ಬ್ಯಾಗ್ ಇತ್ತಲ್ಲ, ಹೆಂಗ ಎದ್ದು ಹೋಗ್ಲಿ" ಅಂದೆ ನೀನು.

ಜ್ಯಾಕ್ ಕೂಡ ಕಾರ್ತಾಹೇನಾಕ್ಕೆ ಬರುತ್ತಾನೆ, ಶತ್ರುಗಳ ಕೈಗೆ ಸಿಕ್ಕೇ ಬರುತ್ತಾನೆ. ಕಡೆಗೆ ಕಲ್ಲನ್ನು ಮೊಸಳೆ ನುಂಗುತ್ತದೆ. ಅವನು ಅದರ ಬಾಲ ಹಿಡಿದು ಎಳೆಯುತ್ತಿರುವಾಗ ಅತ್ತ ಜೋನ್ ಜೀವ ಅಪಾಯದಲ್ಲಿ. ಬೈಯುತ್ತಾ ಬಾಲ ಬಿಡುತ್ತಾನೆ, ಅವಳತ್ತ ಗೋಡೆ ಹತ್ತುತ್ತಾನೆ. ಅವನು ಮೇಲೆ ಮುಟ್ಟುವಷ್ಟರಲ್ಲಿ ಅವಳೇ ಶತ್ರುವನ್ನು ಮುಗಿಸಿರುತ್ತಾಳೆ, ಆ ಮಾತು ಬೇರೆ. ನನಗೆ ಜಾಸ್ತಿ ಇಷ್ಟವಾಗಿದ್ದು ಆ ಕೈ ಬಿಟ್ಟ ಕ್ಷಣವೇ. ಅವನಿಗೆ ಕಲ್ಲಿನ ಆಸೆ ಹೋಗಿಲ್ಲ, ಆದರೂ ಬಿಟ್ಟ. ಆಸೆಯೇ ಇಲ್ಲದವನು ಬಿಟ್ಟಿದ್ದರೆ ಅದರಲ್ಲಿ ಏನಿದೆ, ಅಲ್ವಾ? ನಿನಗೂ ಅವತ್ತು ಹಣದ ಅಡಚಣೆ ಇತ್ತಲ್ಲ.

ಅವತ್ತು ಸಂಶಯಪಟ್ಟಿದ್ದಕ್ಕೆ ಕ್ಷಮಿಸು. ಶ್ರಾವಣದಲ್ಲಿ ಊರಿಗೆ ಬಂದಾಗ ಇಬ್ಬರೂ ಕೂತು ಇದನ್ನು ನೋಡೋಣ. ಗಿರ್ಮಿಟ್, ಮಿರ್ಚಿ ನಾನು ತರುತ್ತೇನೆ.

ನಿನ್ನ ದೋಸ್ತ